ಸ್ಪೋರ್ಟಿಂಗ್ ಕ್ಲೇಸ್ ಕ್ರೀಡೆಗೆ ಮೊದಲ ಬಂದೂಕಿನ ಆಯ್ಕೆ: ಪರವಾನಗಿ ಅರ್ಜಿದಾರರಿಗೆ ಮಾಹಿತಿ

ಯಂತ್ರದಿಂದ ಹಾರಿಬಿಡುವ ತಟ್ಟೆಗಳಿಗೆ ಗುರಿಯಿಟ್ಟು ಹೊಡೆಯುವ ಸ್ಪೋರ್ಟಿಂಗ್ ಕ್ಲೇಸ್ ಕ್ರೀಡೆಗಾಗಿ ಮೊದಲ ಬಾರಿಗೆ ಬಂದೂಕು ಹೊಂದಲು ಇಚ್ಛಿಸುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬಂದೂಕಿನ ಆಯ್ಕೆಯ ಬಹುಭಾಗವು ಅರ್ಜಿ ಭರ್ತಿ ಮಾಡುವಾಗಲೇ ನಿರ್ಧಾರವಾಗಿಬಿಡುತ್ತದೆ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಶಸ್ತ್ರಾಸ್ತ್ರ ಅಧಿನಿಯಮ, 1959ರ ಕಲಂ 13ರನ್ವಯ ರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯುಳ್ಳ, ಒಳಮೈ ನಯವಾದ ಬಂದೂಕಿಗೆ ಪರವಾನಗಿ ಪಡೆಯಲು ಅವಕಾಶವಿರುತ್ತದೆ. ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಪ್ರತ್ಯೇಕವಾಗಿ ಹೇಳಲಾಗಿದೆ. ಕಬ್ಬಿನ ಗದ್ದೆಗೆ ಹಂದಿ ಬರುತ್ತದೆಂದು ಬರೆದು ಅಂತಹ ಬಂದೂಕು ಪಡೆದವರಿಗೆ ಈ ಕ್ರೀಡೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಉದ್ದೇಶವನ್ನು "ಕ್ರೀಡೆ" ಎಂದೇ ಸ್ಪಷ್ಟವಾಗಿ ನಮೂದಿಸಬೇಕು. ಅರ್ಜಿದಾರರು 21 ವರ್ಷ ಪೂರ್ಣಗೊಳಿಸಿರಬೇಕು. ನಮೂನೆ ಎ-1ರಲ್ಲಿ ಅರ್ಜಿಯನ್ನು ವೈದ್ಯಕೀಯ ಹಾಗೂ ತರಬೇತಿ ಪ್ರಮಾಣಪತ್ರಗಳೊಂದಿಗೆ ಬೆಳಗಾವಿ ಜಿಲ್ಲಾಧಿಕಾರಿ ಹಾಗೂ ಜಿಲ್ಲಾ ದಂಡಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ 5 ವರ್ಷ. ಕೊಡಗಿನಲ್ಲಿರುವ ವಿನಾಯಿತಿಯನ್ನು ಕೇಳಿ ಬರುವವರಿದ್ದಾರೆ. ಅದು ಈ ತಾಲ್ಲೂಕುಗಳಿಗೆ ಅನ್ವಯಿಸುವುದಿಲ್ಲ.

ಈ ಭಾಗದವರು ವಿಶೇಷವಾಗಿ ನೋಡಬೇಕಾದುದು ಪರವಾನಗಿಯಲ್ಲಿನ ಕ್ಷೇತ್ರ ವ್ಯಾಪ್ತಿಯ ಅಂಕಣ. ನಿಪ್ಪಾಣಿಯಿಂದ ಕೊಲ್ಹಾಪುರ, ಕಾಗವಾಡದಿಂದ ಮೀರಜ ದಿನನಿತ್ಯದ ಓಡಾಟದ ಊರುಗಳು. ಆದರೆ ವ್ಯಾಪ್ತಿ ಕರ್ನಾಟಕಕ್ಕೆ ಸೀಮಿತವಾಗಿದ್ದಲ್ಲಿ ಬಂದೂಕಿನೊಂದಿಗೆ ಗಡಿ ದಾಟುವುದು ಅಪರಾಧವಾಗುತ್ತದೆ. ಸ್ಪರ್ಧೆಗೆ ಹೊರಟಿದ್ದೆನೆಂಬ ಸಮಜಾಯಿಷಿ ಸಾಲದು. ಅಭ್ಯಾಸ ಮಾಡುವ ಸ್ಥಳ ಮಹಾರಾಷ್ಟ್ರದಲ್ಲಿದ್ದರೆ, ಕಾರಣ ಸಹಿತ ವ್ಯಾಪ್ತಿಯ ವಿಸ್ತರಣೆಯನ್ನು ಮೊದಲೇ ಕೋರಬೇಕು. ಕಾಡತೂಸುಗಳ ಪ್ರಮಾಣದ ಅಂಕಣವೂ ಅಷ್ಟೇ ಮುಖ್ಯ. 100 ತಟ್ಟೆಗಳ ಒಂದು ಸ್ಪರ್ಧೆಗೆ ಕನಿಷ್ಠ 100 ಕಾಡತೂಸು ಬೇಕು. ಬಂದೂಕಿನ ಬೆಲೆ ಒಮ್ಮೆಯ ವೆಚ್ಚ, ಕಾಡತೂಸಿನದು ನಿರಂತರ. ಆಯವ್ಯಯ ಹಾಕುವಾಗ ಎರಡನ್ನೂ ಸೇರಿಸಿ ನೋಡುವುದು ಒಳಿತು.

ಈ ಕ್ರೀಡೆಯಲ್ಲಿ ತಟ್ಟೆಗಳು ಜೋಡಿಯಾಗಿಯೂ ಬರುವುದರಿಂದ ಒಂಟಿ ನಳಿಕೆಯ ಬಂದೂಕು ಸೂಕ್ತವಲ್ಲ. 12 ಬೋರಿನ, ಒಂದರ ಮೇಲೊಂದು ನಳಿಕೆಯುಳ್ಳ, 28ರಿಂದ 32 ಇಂಚು ಉದ್ದದ ಬಂದೂಕು ಹೆಚ್ಚು ಬಳಕೆಯಲ್ಲಿದೆ. ತೂಕ ಸುಮಾರು ಮೂರೂವರೆ ಕಿಲೋ ಇದ್ದಲ್ಲಿ ಹಿನ್ನೂಕು ಕಡಿಮೆ. ಹಗುರವಾದುದು ಅಂಗಡಿಯಲ್ಲಿ ಹಿತವೆನಿಸಿದರೂ ನೂರು ಹೊಡೆತಗಳ ನಂತರ ಹೆಗಲು ಬೇರೆ ಮಾತು ಹೇಳುತ್ತದೆ. ಹೆಗಲಿಗೆ ಏರಿಸಿದಾಗ ಕಣ್ಣು ನಳಿಕೆಯ ಮೇಲ್ಪಟ್ಟಿಯ ನೇರಕ್ಕೆ ಬರುವಂತೆ ಹಿಡಿಯ ಉದ್ದ ಹೊಂದಬೇಕು. ಬಲಗೈಯವರಲ್ಲಿ ಕೆಲವರಿಗೆ ಎಡಗಣ್ಣು ಪ್ರಬಲವಾಗಿರುತ್ತದೆ. ಇದನ್ನು ಖರೀದಿಗೆ ಮೊದಲೇ ತರಬೇತುದಾರರಿಂದ ಪರೀಕ್ಷಿಸಿಕೊಳ್ಳಬೇಕು.

ಅಜ್ಜನ ಕಾಲದ ಬಂದೂಕು ಮನೆಯಲ್ಲಿದ್ದವರು ಎಚ್ಚರ ವಹಿಸತಕ್ಕದ್ದು. ಪರವಾನಗಿದಾರರು ಮೃತರಾದಲ್ಲಿ ಅದನ್ನು ಠಾಣೆಗೆ ಅಥವಾ ಅಧಿಕೃತ ಮಾರಾಟಗಾರರಲ್ಲಿ ಜಮಾ ಮಾಡಿ, ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಗಿ ಪಡೆದ ನಂತರವೇ ಬಳಸಬೇಕು. ಆನಂತರವೂ ಒಂದು ಅಪಾಯವಿದೆ. ಹಳೆಯ ಬಂದೂಕುಗಳಲ್ಲಿ ಅನೇಕವು 65 ಮಿ.ಮೀ. ಕಾಡತೂಸಿಗಾಗಿ ತಯಾರಾದವು. ಕಾಡತೂಸಿನ ಅಳತೆಯನ್ನು ಸಿಡಿದು ಬಾಯಿ ತೆರೆದ ನಂತರದ ಉದ್ದದಿಂದ ಹೇಳುತ್ತಾರೆ. ಹೀಗಾಗಿ ಸಿಡಿಯದ 70 ಮಿ.ಮೀ. ಕಾಡತೂಸು ಅಂತಹ ಬಂದೂಕಿನೊಳಗೆ ಸುಲಭವಾಗಿ ಕೂರುತ್ತದೆ; ಸಿಡಿದಾಗ ಬಾಯಿ ತೆರೆಯಲು ಸ್ಥಳವಿಲ್ಲದೆ ಒತ್ತಡ ಏರಿ ನಳಿಕೆಯೇ ಒಡೆಯಬಹುದು. ಪರವಾನಗಿ ಹೊಂದಿದ ಬಂದೂಕು ದುರಸ್ತಿಗಾರರಿಂದ ಅಳತೆ ಮಾಡಿಸದೆ ಬಳಸಕೂಡದು.

ಅರ್ಜಿ ತಿರಸ್ಕೃತವಾದಲ್ಲಿ ಕಾರಣಗಳುಳ್ಳ ಆದೇಶದ ಪ್ರತಿ ಪಡೆದು, ಕಲಂ 18ರಡಿ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು. ಪರವಾನಗಿ ಕೈಸೇರುವ ಮೊದಲು ಮಾರಾಟಗಾರರಿಗೆ ಮುಂಗಡ ಹಣ ಪಾವತಿಸಬಾರದೆಂದು ಸೂಚಿಸಲಾಗಿದೆ.