ಅಜ್ಜಿಯ ಕಂಬಳಿ

ನನ್ನ ತವರು ರಾಂಪುರ. ಹೆಸರು ಹೇಳಿದೊಡನೆ ಕೆಲವರಿಗೆ ಹತ್ತಿರದ ಬ್ರಹ್ಮಗಿರಿಯ ಅಶೋಕನ ಶಾಸನ ನೆನಪಾಗುತ್ತದೆ. ಹೆಂಗಸರಿಗಾದರೆ ಮೊಳಕಾಲ್ಮೂರಿನ ರೇಷ್ಮೆ ಸೀರೆ. ನನಗೆ ಮಾತ್ರ ಅಜ್ಜಿಯ ಕರಿ ಕಂಬಳಿ.

ಅಜ್ಜಿಯ ತವರು ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ, ಉಳ್ಳಾರ್ತಿ ಕಾವಲಿನ ಅಂಚಿನ ಒಂದು ಹಳ್ಳಿ. ರಜೆಯಲ್ಲಿ ನಾವು ಅಲ್ಲಿಗೆ ಹೋದಾಗ ಮನೆಯ ಹೆಂಗಸರು ಉಣ್ಣೆ ಹಿಂಜುತ್ತ, ನೂಲುತ್ತ ಕೂತಿರುತ್ತಿದ್ದರು. ಹಾಸಿಗೆಳೆದ ನೂಲಿಗೆ ಹುಣಸೆ ಬೀಜದ ಸರಿ ಬಳಿದು ಗಂಡಸರು ಮಗ್ಗಕ್ಕೆ ಹಾಕುತ್ತಿದ್ದರು. ಒಂದು ಬೇಸಿಗೆಯಲ್ಲಿ ಒಣಗಿದ ಕಾವಲನ್ನು ನೋಡಿ, "ಇಷ್ಟು ಬಯಲು ಸುಮ್ಮನೆ ಖಾಲಿ ಬಿದ್ದಿದೆಯಲ್ಲಜ್ಜಿ" ಎಂದೆ.

"ಖಾಲಿ ಎಲ್ಲೈತೆ ಮಗಾ? ಹುಲ್ಲು ಮಲಗೈತೆ. ಮಳೆ ಬಂದ್ರೆ ಏಳ್ತೈತೆ" ಎಂದಳು ಅಜ್ಜಿ.

ಆ ಮಾತಿನ ಹಿಂದೆ ಮುನ್ನೂರು ವರ್ಷಗಳ ಚರಿತ್ರೆ ಇದೆಯೆಂದು ತಿಳಿದದ್ದು ಬಹಳ ತಡವಾಗಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯ ದನಗಳೇ ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಆದವು. ಸೈನ್ಯದ ಫಿರಂಗಿಗಳನ್ನು ಎಳೆಯುತ್ತಿದ್ದ ಈ ಎತ್ತುಗಳಿಗಾಗಿ ರಾಜ್ಯದುದ್ದಕ್ಕೂ ಕಾವಲುಗಳನ್ನು ಮೀಸಲಿಟ್ಟಿದ್ದರು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲಿಗೆ ಬಿಡುವು. ಸರ್ಕಾರಿ ದನಗಳಿಲ್ಲದಾಗ ಊರಿನ ಕುರಿಗಳಿಗೂ ಅಲ್ಲಿ ಮೇವು. ಮಳೆ ಅಪರೂಪವಾದ ಈ ಸೀಮೆಯಲ್ಲಿ ಎಲ್ಲರ ಸೊತ್ತು ಉಳಿದು ಬಂದದ್ದು ಹೀಗೆ ಸರದಿಯಿಂದ.

2007ರಿಂದ 2010ರ ನಡುವೆ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕಿದ್ದು 1,500 ಎಕರೆ. ಹಳ್ಳಿಯವರು ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. 2014ರ ತೀರ್ಪಿನ ನಂತರವೂ ಷರತ್ತುಗಳೊಡನೆ ಯೋಜನೆಗಳು ಮುಂದುವರಿದವು.

ನಿಜ ಹೇಳಬೇಕೆಂದರೆ, ಸುದ್ದಿ ಓದಿದಾಗ ಮೊದಲು ನನಗೆ ಸಂತೋಷವೇ ಆಯಿತು. ನಮ್ಮ ಬರದ ಸೀಮೆಗೂ ಒಳ್ಳೆಯ ದಿನ ಬಂತು, ಹೇಗೂ ಖಾಲಿ ಜಾಗ ತಾನೆ, ಎಂದುಕೊಂಡೆ. ಹಾಗೆಂದುಕೊಂಡ ಕ್ಷಣವೇ ಅಜ್ಜಿಯ ಮಾತು ಚುಚ್ಚಿತು. ದೇಶಕ್ಕೆ ವಿಜ್ಞಾನ ಬೇಕು, ಅದನ್ನು ಯಾರೂ ಅಲ್ಲಗಳೆಯರು. ಆದರೆ ಆ ಹುಲ್ಲನ್ನು ನಂಬಿ ಬಾಳಿದವರನ್ನು ಮೊದಲು ಕೇಳಬೇಕಿತ್ತಲ್ಲವೆ?

ಈಗ ಮಳೆಯ ಲೆಕ್ಕವೇ ತಪ್ಪಿದೆ. ತಿಂಗಳುಗಟ್ಟಲೆ ಬಿಸಿಲು, ಆಮೇಲೆ ಒಂದೇ ದಿನ ಧೋ ಎಂದು ಸುರಿಯುವುದು. ಅಂಥ ಮಳೆಯಲ್ಲಿ ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುವುದು ಹುಲ್ಲಿನ ಬೇರೇ. ಮೇಯುವ ಜಾಗ ಕಿರಿದಾದಷ್ಟೂ ಉಳಿದ ಜಾಗದ ಮೇಲೆ ಹೊರೆ. ಹುಲ್ಲಿಗೆ ಮಲಗಲು ಬಿಡುವಿಲ್ಲ. ಸರದಿ ತಪ್ಪಿದರೆ ಹಂಚಿಕೊಳ್ಳಲು ಏನೂ ಉಳಿಯುವುದಿಲ್ಲ.

ಕಂಬಳಿ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಅಂಚು ಸವೆದಿದೆ, ಬೆಚ್ಚಗೆ ಇದೆ. ಪಟ್ಟಣದಲ್ಲಿ ಯಾರಾದರೂ ಕೆರೆಯಂಗಳವನ್ನೋ ಗೋಮಾಳವನ್ನೋ ತೋರಿಸಿ "ಖಾಲಿ ಜಾಗ" ಎಂದರೆ ನಾನೀಗ ಸುಮ್ಮನಿರುವುದಿಲ್ಲ. ಯಾರಿಗೆ ಖಾಲಿ, ಯಾವ ಕಾಲದಲ್ಲಿ ಖಾಲಿ ಎಂದು ಕೇಳುತ್ತೇನೆ.