ಊರಿನ ಹೆಸರು, ಪಂಡಿತರ ಪುಡಿ

ನಮ್ಮೂರು ತೊರವಿ, ವಿಜಯಪುರದ ಪಶ್ಚಿಮಕ್ಕೆ, ಅದರ ಮಗ್ಗುಲಲ್ಲೇ ಇರುವ ಊರು. ಎಂ.ಎ. ಓದಲೆಂದು ಮೈಸೂರಿಗೆ ಹೋದಾಗ ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಾರನಾಗಿ ಸಿಕ್ಕಾತ ನನ್ನ ಊರು ಕೇಳಿದವನೇ, "ಓಹೋ, ತೊರವೆ ರಾಮಾಯಣದ ತೊರವೆ!" ಎಂದ. ಆತನ ಊರು ನಂಜನಗೂಡೆಂದು ತಿಳಿದಾಗ ನನ್ನ ಬಾಯಿಂದ ಬಂದದ್ದೂ ಅಂಥದೇ: "ಹಲ್ಲುಪುಡಿಯ ನಂಜನಗೂಡೇನು?" ಇಬ್ಬರೂ ನಕ್ಕೆವು. ಮರುದಿನ ಬೆಳಿಗ್ಗೆ ಆತ ನಸುಗೆಂಪು ಪುಡಿಯನ್ನು ನನ್ನ ಅಂಗೈಗೆ ಸುರಿದ. ಜೋಳದ ಸೀಮೆಯ ನಮಗೆ ಬೇವಿನ ಕಡ್ಡಿ, ಇಲ್ಲವೆ ಒಲೆಯ ಬೂದಿ. ಮುದುಕಿಯರಿಗೆ ತಂಬಾಕಿನ ಮಿಶ್ರಿ. ಆ ಪುಡಿಯ ರುಚಿ ನನಗೆ ಹೊಸದು.

ತೊರವೆ ರಾಮಾಯಣವನ್ನು ಬರೆದ ಕವಿಯ ಹೆಸರು ನರಹರಿ. ಕುಮಾರ ವಾಲ್ಮೀಕಿಯೆಂಬುದು ಆತನ ಕಾವ್ಯನಾಮ. ಆದರೆ ಕಾವ್ಯ ಊರಿನ ಹೆಸರಿನಿಂದಲೇ ನಿಂತಿತು. ನಂಜನಗೂಡಿನ ಹಲ್ಲುಪುಡಿಗೂ ಹಾಗೆ ಒಬ್ಬ ಕರ್ತೃವಿರಬೇಕೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅವರು ಬಿ. ವಿ. ಪಂಡಿತರು. ಆಯುರ್ವೇದ ವಿದ್ವಾಂಸರು, 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದವರು.

ಆ ಕಾಲವನ್ನು ಕೊಂಚ ನೆನೆಯಬೇಕು. ಮೈಸೂರಿನಲ್ಲಿ ಸರ್ಕಾರದ ಆಯುರ್ವೇದ ವಿದ್ಯಾಲಯ ಆರಂಭವಾದದ್ದು 1908ರಲ್ಲಿ. ಸಂಪದಭ್ಯುದಯ ಸಮಾಜ 1911ರದು. ಮೈಸೂರು ಬ್ಯಾಂಕು ಅದೇ 1913ರದು. ಶ್ರೀಗಂಧದೆಣ್ಣೆಯ ಕಾರ್ಖಾನೆ, ಸಾಬೂನು ಇವೆಲ್ಲ ಅನಂತರ ಬಂದವು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಚರಿತ್ರೆ ಬರೆಯುವವರು ಇವನ್ನೆಲ್ಲ ತಪ್ಪದೆ ಎಣಿಸುತ್ತಾರೆ. ಅದೇ ಹೊತ್ತಿಗೆ ತಾಲ್ಲೂಕು ಊರೊಂದರಲ್ಲಿ ವೈದ್ಯರೊಬ್ಬರು ಔಷಧಶಾಲೆ ತೆರೆದದ್ದನ್ನು ಎಣಿಸುವವರು ವಿರಳ.

ಊರೂ ಸಾಮಾನ್ಯದ್ದಲ್ಲ. ಕಪಿಲೆಯ ದಡದಲ್ಲಿರುವ ದೇವರೇ ನಂಜನ್ನು ಉಂಡವನು. ಟಿಪ್ಪುವಿನ ಪಟ್ಟದ ಆನೆಯ ಕಣ್ಣುಬೇನೆ ಈ ದೇವರ ಸೇವೆಯಿಂದ ವಾಸಿಯಾಯಿತೆಂದೂ, ಸುಲ್ತಾನನು ಪಚ್ಚೆಯ ಲಿಂಗ ಮಾಡಿಸಿಕೊಟ್ಟು 'ಹಕೀಂ ನಂಜುಂಡ' ಎಂದು ಕರೆದನೆಂದೂ ಪ್ರತೀತಿ. ದೇವರೇ ಹಕೀಮನಾಗಿರುವಲ್ಲಿ ಮದ್ದಿನ ಅಂಗಡಿಗೆ ಬೇರೆ ಜಾಹೀರಾತು ಬೇಕೆ!

ವೈದ್ಯರಾಗಿದ್ದವರು ವ್ಯಾಪಾರಿಯಾಗುವುದು ಸುಲಭವಲ್ಲ. ಹಳೆಯ ವೈದ್ಯ ನಾಡಿ ಹಿಡಿದು, ದೇಹಪ್ರಕೃತಿ ನೋಡಿ, ಆ ಒಬ್ಬನಿಗೆಂದೇ ಮದ್ದು ಕೂಡಿಸುತ್ತಿದ್ದ. ಕಷಾಯವನ್ನು ಆಗಿಂದಾಗ್ಗೆ ಕುದಿಸಿ ಕುಡಿಸಬೇಕು. ಅದನ್ನು ಮೂಟೆ ಕಟ್ಟಿ ರೈಲಿಗೆ ಹಾಕಲಾಗದು. ಚೂರ್ಣ ಕೂಡ ಎರಡು ತಿಂಗಳಲ್ಲಿ ವೀರ್ಯ ಕಳೆದುಕೊಳ್ಳುತ್ತದೆಂದು ಶಾರ್ಙ್ಗಧರ ಹೇಳುತ್ತಾನೆ. ಹಲ್ಲುಪುಡಿಗೆ ಈ ತೊಡಕುಗಳು ಕಡಿಮೆ. ಒಣ ಪದಾರ್ಥ, ಹಗುರ. ಆಳಿಗೊಂದು ನಿದಾನ ಬೇಡ. ಇಡೀ ಮನೆಗೆ ಒಂದೇ ಪೊಟ್ಟಣ, ಅದೂ ದಿನಾಲು. ರೋಗಿಯಲ್ಲದವನೂ ವೈದ್ಯನ ಗಿರಾಕಿಯಾದದ್ದು ಹೀಗೆ. ಇದು ಆಯುರ್ವೇದಕ್ಕೆ ಗೆಲವೋ ಸೋಲೋ ಎಂಬ ಚರ್ಚೆಯಲ್ಲಿ ಒಮ್ಮೆ ನನ್ನ ಗೆಳೆಯನೊಡನೆ ರಾತ್ರಿ ಕಳೆದದ್ದುಂಟು. ವೈದ್ಯನ ನಿದಾನಶಕ್ತಿ ಪೊಟ್ಟಣದಲ್ಲಿ ಬರಲಾರದೆಂಬುದು ನಿಜ. ಆದರೆ ವೈದ್ಯನ ಮನೆಯ ಮೆಟ್ಟಿಲನ್ನೇ ಹತ್ತದಿದ್ದ ಜನಕ್ಕೆ ಅವನ ವಿದ್ಯೆಯ ಒಂದು ಚಿಟಿಕೆಯಾದರೂ ಮುಟ್ಟಿತಲ್ಲ. ನನ್ನ ಒಲವು ಈ ಕಡೆಗೇ.

ಇನ್ನೊಂದು ಮಾತು. ಔಷಧಗಳ ಕಾಯಿದೆ ಬಂದದ್ದು 1940ರಲ್ಲಿ. ಆಯುರ್ವೇದದ ಮದ್ದುಗಳಿಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯ ಸೇರಿದ್ದು 1964ರ ತಿದ್ದುಪಡಿಯಲ್ಲಿ. ಅಂದರೆ ಸದ್ವೈದ್ಯಶಾಲೆಯ ಮೊದಲ ಐವತ್ತು ವರ್ಷ ಪೊಟ್ಟಣಕ್ಕೆ ಆ ಕಾಯಿದೆಯ ಮುದ್ರೆಯ ಬಲವಿರಲಿಲ್ಲ. ಮಾಡಿದವನ ಮಾತೇ ಜಾಮೀನು. ಪಂಡಿತರು ಸಂಸ್ಥೆಗೆ ತಮ್ಮ ಹೆಸರನ್ನಿಡದೆ ಒಳ್ಳೆಯ ವೈದ್ಯರ ಶಾಲೆಯೆಂದು ಹೆಸರಿಟ್ಟರು. ಜನ ಅದನ್ನೂ ಬಿಟ್ಟು ಊರಿನ ಹೆಸರು ಹಿಡಿದರು. ಸಂಸ್ಥೆ ನೂರು ವರ್ಷ ದಾಟಿತು. ರಸಬಾಳೆಯಂತೆಯೇ ಹಲ್ಲುಪುಡಿಯೂ ನಂಜನಗೂಡಿನ ಬೆಳೆಯೇನೋ ಎಂಬಷ್ಟು ಆ ಹೆಸರು ಅಂಟಿಕೊಂಡಿತು.

ಕೆಲವು ವರ್ಷಗಳ ಹಿಂದೆ ಗೆಳೆಯ ತೊರವಿಗೆ ಬಂದಿದ್ದ. ನರಸಿಂಹನ ಗುಡಿಗೆ ಕರೆದೊಯ್ದೆ. ಕುಮಾರ ವಾಲ್ಮೀಕಿಯ ಇಷ್ಟದೈವವನ್ನು ಕಂಡು ಆತ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಮನೆಗೆ ಬಂದು ಚೀಲದಿಂದ ಎರಡು ಪೊಟ್ಟಣ ತೆಗೆದು ನಮ್ಮ ಅತ್ತೆಯ ಕೈಗಿತ್ತ. ಅತ್ತೆ ಮೂಸಿ ನೋಡಿ, "ಇದನ್ನ ಯಾರು ಮಾಡತಾರಪಾ?" ಎಂದು ನನ್ನನ್ನು ಕೇಳಿದಳು.

"ನಂಜನಗೂಡಿನವ್ರು, ಅತ್ತಿ" ಎಂದುಬಿಟ್ಟೆ.