ಕೊಂಡಿ, ದುವಾ, ಎನ್‌ಲಾಸೆ: ಒಂದು ಪಾರಿಭಾಷಿಕ ಶಬ್ದದ ಸಂಚಾರ

ಗಡಿನಾಡಿನ ಶಿಕ್ಷಕನು ಬೇಡವೆಂದರೂ ಭಾಷಾಂತರಕಾರನಾಗುವನು. ಗಡಹಿಂಗ್ಲಜದ ಸಂತೆಯಲ್ಲಿ ಕಾಯಿಪಲ್ಯ ಕೊಳ್ಳುವಾಗ, ಇಚಲಕರಂಜಿಯ ಮಗ್ಗದ ಮನೆಯ ಹುಡುಗನಿಗೆ ಲೆಕ್ಕ ಹೇಳುವಾಗ, ಕೊಲ್ಲಾಪುರದ ಕಚೇರಿಗೆ ಅರ್ಜಿ ಬರೆಯುವಾಗ ಅವನು ಕನ್ನಡದಿಂದ ಮರಾಠಿಗೂ ಮರಾಠಿಯಿಂದ ಕನ್ನಡಕ್ಕೂ ದಾಟುತ್ತಲೇ ಇರುವನು. ಆದುದರಿಂದ ಶಬ್ದಗಳು ಒಂದು ನುಡಿಯಿಂದ ಇನ್ನೊಂದಕ್ಕೆ ಹೇಗೆ ಹೋಗುವವು, ಹೋದ ಮೇಲೆ ಹೇಗೆ ಬಾಳುವವು ಎಂಬ ವಿಚಾರವು ನಮಗೆ ಕೇವಲ ಪಾಂಡಿತ್ಯದ ವಿಷಯವಲ್ಲ.

ಈ ನೆಲಕ್ಕೆ ಶಬ್ದವಿಚಾರವು ಹೊಸದೂ ಅಲ್ಲ. ಕೊಲ್ಲಾಪುರದ ಶಿಲಾಹಾರರ ಅನೇಕ ಶಾಸನಗಳು ಕನ್ನಡದಲ್ಲಿವೆ. ಅದೇ ಮನೆತನದ ಇಮ್ಮಡಿ ಭೋಜನ ಆಳಿಕೆಯಲ್ಲಿ, ಇ. ಸ. 1205ರಲ್ಲಿ, ಗಡಹಿಂಗ್ಲಜಕ್ಕೆ ಸಮೀಪದ ಆಜರೆಯ ಬಸದಿಯಲ್ಲಿ ಕುಳಿತು ಸೋಮದೇವನು ‘ಶಬ್ದಾರ್ಣವಚಂದ್ರಿಕೆ’ ಎಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ರಚಿಸಿದನು. ಕಲ್ಲಿನ ಮೇಲೆ ಕನ್ನಡ, ಓಲೆಯ ಮೇಲೆ ಸಂಸ್ಕೃತ. ಇಂಥ ಸಹವಾಸವು ಇಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಇದ್ದಿತು.

ಮುಂದೆ ಶಿವಾಜಿ ಮಹಾರಾಜರ ಕಾಲಕ್ಕೆ ರಘುನಾಥ ಪಂಡಿತರು ‘ರಾಜ್ಯವ್ಯವಹಾರಕೋಶ’ವನ್ನು ಸಿದ್ಧಪಡಿಸಿದರು. ದರಬಾರದಲ್ಲಿ ಬಳಕೆಯಾಗುತ್ತಿದ್ದ ಫಾರಸಿ, ಅರಬಿ ಶಬ್ದಗಳಿಗೆ ಸಂಸ್ಕೃತದ ಪ್ರತಿಶಬ್ದಗಳನ್ನು ಕೊಡುವದು ಅದರ ಉದ್ದೇಶ. ಸುರನೀಸನು ಸಚಿವನಾದನು, ಸರನೋಬತನು ಸೇನಾಪತಿಯಾದನು, ಮುಜುಮದಾರನು ಅಮಾತ್ಯನಾದನು. ಇವು ನಿಂತವು. ಆದರೆ ಪೇಶವೆಯನ್ನು ಪಂತಪ್ರಧಾನನೆಂದು ಕರೆದರೂ ಜನರ ಬಾಯಲ್ಲಿ ಅವನು ಪೇಶವೆಯಾಗಿಯೇ ಉಳಿದನು. ತಹಶೀಲ, ಜಿಲ್ಹಾ, ಅರ್ಜಿ, ದಫ್ತರಗಳು ಇಂದಿಗೂ ಅಲ್ಲಾಡಿಲ್ಲ. ಕೋಶವು ಹೆಸರಿಡಬಲ್ಲದು, ಆ ಹೆಸರಿನಿಂದ ಕರೆಯುವವರು ಜನರು.

ಇಪ್ಪತ್ತನೆಯ ಶತಮಾನದಲ್ಲಿಯೂ ಕೊಲ್ಲಾಪುರವು ಈ ಚರ್ಚೆಯನ್ನು ಕಂಡಿತು. ಅಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕವಿ ಮಾಧವ ಜ್ಯೂಲಿಯನ್ ಅವರು 1925ರಲ್ಲಿ ಫಾರಸಿ-ಮರಾಠಿ ಕೋಶವನ್ನು ಪ್ರಕಟಿಸಿದ್ದರು. ಫಾರಸಿಯ ಸವಿಯನ್ನು ಅಷ್ಟು ಬಲ್ಲ ಅವರೇ ಮುಂದೆ ಭಾಷಾಶುದ್ಧಿಯ ಪಕ್ಷವನ್ನು ಹಿಡಿದರು. ಒಬ್ಬ ವಿದ್ವಾಂಸನ ಮನಸ್ಸಿನಲ್ಲಿಯೇ ಎರಡು ಪಕ್ಷಗಳಿರುವಾಗ ಜನಸಮುದಾಯದಲ್ಲಿ ಇರುವದೇನು ಸೋಜಿಗ?

ಇನ್ನು ನಮ್ಮ ಕಾಲದ ಒಂದು ಶಬ್ದವನ್ನು ನೋಡೋಣ. ಗಣಕಯಂತ್ರದ ಪುಟದಲ್ಲಿ ಒಂದು ಮಾತನ್ನು ಒತ್ತಿದರೆ ಇನ್ನೊಂದು ಪುಟವು ತೆರೆಯುವದು. ಈ ಬಗೆಯ ಜೋಡಣೆಯ ಕನಸನ್ನು 1945ರಲ್ಲಿ ಅಮೇರಿಕೆಯ ವ್ಯಾನಿವರ್ ಬುಶ್ ಕಂಡನು. 1965ರಲ್ಲಿ ಟೆಡ್ ನೆಲ್ಸನ್ ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರನ್ನು ಕೊಟ್ಟನು. 1989ರಲ್ಲಿ ಜಿನೀವಾದ ಸೆರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ವಿಶ್ವಜಾಲದ ಯೋಜನೆಯನ್ನು ಮುಂದಿಟ್ಟನು. ಇಂಗ್ಲಿಷಿನಲ್ಲಿ ಅದು ‘ಲಿಂಕ್’, ಅಂದರೆ ಸರಪಳಿಯ ಒಂದು ಬಳೆ. ಸ್ಪ್ಯಾನಿಷರು ಅದನ್ನು ‘ಎನ್‌ಲಾಸೆ’ ಎಂದರು. ಕೆಲವರು ‘ವಿಂಕುಲೊ’ ಎಂದರು. ಮರಾಠಿಗರು ‘ದುವಾ’ ಎಂದರು. ನಾವು ‘ಕೊಂಡಿ’ ಎಂದೆವು, ‘ಸಂಪರ್ಕ’ವೆಂದೂ ಬರೆದೆವು.

ಕನ್ನಡ-ಮರಾಠಿಗಳ ಮಾತು ಬಂದರೆ ನಮ್ಮಲ್ಲಿ ಅಭಿಮಾನವು ಕಣ್ಣಿಗೆ ಅಡ್ಡ ಬರುವದುಂಟು. ಆದುದರಿಂದ ಮೊದಲು ನಮ್ಮವಲ್ಲದ ಎರಡು ಭಾಷೆಗಳನ್ನು ಪರೀಕ್ಷಿಸುವದು ಲೇಸು. ಸ್ಪ್ಯಾನಿಷದ ಎನ್‌ಲಾಸೆಯನ್ನು ಇಂಗ್ಲಿಷಿಗೆ ತರಬೇಕಾಗಿದೆಯೆಂದು ತಿಳಿಯಿರಿ. ಅದರ ಮೂಲ ‘ಲಾಸೊ’, ಅಂದರೆ ಕುಣಿಕೆ. ಇಂಗ್ಲಿಷಿನ ದನಗಾಹಿಯ ಹಗ್ಗಕ್ಕೆ ‘ಲಾಸೊ’ ಎಂಬ ಹೆಸರು ಬಂದುದು ಇಲ್ಲಿಂದಲೇ. ಎನ್‌ಲಾಸೆಯೆಂದರೆ ಮದುವೆಯೂ ಹೌದು, ರಸಾಯನಶಾಸ್ತ್ರದ ಬಂಧವೂ ಹೌದು. ವಿಂಕುಲೊ ಎಂಬುದರ ಲ್ಯಾಟಿನ್ ಮೂಲಕ್ಕೆ ಕಟ್ಟು, ಬೇಡಿ ಎಂಬ ಅರ್ಥ. ಧಾತುವನ್ನು ಹಿಡಿದು ಹೊರಟ ಭಾಷಾಂತರಕಾರನು ಇಂಗ್ಲಿಷಿನಲ್ಲಿ ‘ಬಾಂಡ್’ ಎಂದೋ ‘ಟೈ’ ಎಂದೋ ಬರೆದಾನು. ಓದುವ ಇಂಗ್ಲಿಷನು ಕಕ್ಕಾಬಿಕ್ಕಿಯಾಗುವನು. ಬರೆಯಬೇಕಾದುದು ‘ಲಿಂಕ್’ ಎಂದಷ್ಟೆ.

ನಮ್ಮ ಕಡೆಗೆ ಮದುವೆಯಾದ ಹೆಣ್ಣಿಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುವ ವಾಡಿಕೆಯಿತ್ತು. ಆದರೆ ಅವಳು ತವರಿಗೆ ಬಂದರೆ ತಾಯಿಯು ಹಳೆಯ ಹೆಸರಿನಿಂದಲೇ ಕೂಗುವಳು. ಲಿಂಕ್ ಎಂಬುದು ಇಂಗ್ಲಿಷಿನ ಮಗಳು. ಸ್ಪ್ಯಾನಿಷರ ಮನೆಗೆ ಹೋಗಿ ಎನ್‌ಲಾಸೆಯಾದಳು. ತವರಿಗೆ ಮರಳಿದಾಗ ಅವಳಿಗೆ ಮೂರನೆಯ ಹೆಸರನ್ನು ಹುಡುಕುವದು ಅವಿವೇಕವಲ್ಲವೆ?

ನಾಮಪದವನ್ನು ಹೀಗೆ ಸರಿಪಡಿಸಬಹುದು. ನಿಜವಾದ ತೊಡಕು ಅದರ ಸುತ್ತಲಿನ ಮಾತುಗಳಲ್ಲಿದೆ. ಸ್ಪ್ಯಾನಿಷದಲ್ಲಿ ‘ಜಾಲದಲ್ಲಿ ನೌಕಾಯಾನ’ ಮಾಡುವರು. ಇಂಗ್ಲಿಷಿನಲ್ಲಿ ವೆಬ್ಬನ್ನು ‘ಬ್ರೌಜ್’ ಮಾಡುವರು, ಎಂದರೆ ದನವು ಅಲ್ಲಲ್ಲಿ ಬಾಯಾಡಿಸಿ ಮೇಯುವಂತೆ. ಸ್ಪೇನಿನವರು ಎನ್‌ಲಾಸೆಯನ್ನು ‘ಚುಚ್ಚು’ವರು, ಇಂಗ್ಲಿಷರು ‘ಕ್ಲಿಕ್’ ಮಾಡುವರು. ಪುಟದ ಕೊನೆಯಲ್ಲಿ ‘ಆಸಕ್ತಿಯ ಎನ್‌ಲಾಸೆಗಳು’ ಎಂದಿದ್ದರೆ ಇಂಗ್ಲಿಷಿನಲ್ಲಿ ‘ಉಪಯುಕ್ತ ಲಿಂಕುಗಳು’ ಎಂಬರ್ಥದ ಮಾತು ಸಹಜ. ಕೆಲಸಕ್ಕೆ ಬಾರದ ಲಿಂಕನ್ನು ಸ್ಪ್ಯಾನಿಷರು ‘ರೋತೊ’ ಎನ್ನುವರು. ಹರಿದುದು, ಮುರಿದುದು, ಒಡೆದುದು ಎಲ್ಲಕ್ಕೂ ಅವರಿಗೆ ಅದೊಂದೇ ಮಾತು. ಇಂಗ್ಲಿಷನು ಅದನ್ನು ಮುರಿದ ಲಿಂಕ್ ಎನ್ನುವನು, ಸತ್ತ ಲಿಂಕ್ ಎಂದೂ ಅನ್ನುವನು.

ಈಗ ನಮ್ಮ ಮನೆಗೆ ಬರೋಣ. ಕನ್ನಡದಲ್ಲಿ ಅರಿವೆ ಹರಿಯುವದು, ಕೋಲು ಮುರಿಯುವದು, ಗಡಿಗೆ ಒಡೆಯುವದು. ಇಚಲಕರಂಜಿಯ ನೇಕಾರನು ‘ಎಳೆ ಹರಿಯಿತು’ ಎನ್ನುವನಲ್ಲದೆ ‘ಎಳೆ ಮುರಿಯಿತು’ ಎನ್ನಲಾರನು. ಕೊಂಡಿಯಾದರೋ ಕಳಚುವದು. ಆದುದರಿಂದ ‘ಮುರಿದ ಕೊಂಡಿ’ ಎಂಬುದಕ್ಕಿಂತ ‘ಕಳಚಿದ ಕೊಂಡಿ’ ಎಂಬುದು ನಮ್ಮ ಕಿವಿಗೆ ಹತ್ತಿರ. ಇಂಗ್ಲಿಷಿನ ‘ವೆಬ್’ ಎಂಬ ಹಳೆಯ ಮಾತಿಗೆ ನೇಯ್ದ ಬಟ್ಟೆಯೆಂದೇ ಅರ್ಥವಿತ್ತೆಂಬುದನ್ನು ಹಾಸುಹೊಕ್ಕು ಬಲ್ಲ ಆ ಊರಿನ ಮಕ್ಕಳಿಗೆ ಹೇಳಿದರೆ ಅವರು ಅದನ್ನು ಮರೆಯಲಾರರು.

ಮರಾಠಿ-ಕನ್ನಡಗಳ ನಡುವೆ ಇನ್ನೊಂದು ವಿನೋದವುಂಟು. ಮರಾಠಿಯಲ್ಲಿ ‘ದುವಾ’ ಎಂದರೆ ಜೋಡಿಸುವ ಬಳೆ. ಅದೇ ಉಚ್ಚಾರದ ಇನ್ನೊಂದು ‘ದುವಾ’ ಹರಕೆ, ಆಶೀರ್ವಾದ. ಕನ್ನಡದಲ್ಲಿ ‘ಕೊಂಡಿ’ ಎಂದರೆ ಬಾಗಿಲ ಚಿಲಕದ ಭಾಗ. ಚೇಳಿನ ವಿಷದ ಮುಳ್ಳೂ ಕೊಂಡಿಯೇ. ಮರಾಠಿಯಲ್ಲಿ ಸರಪಳಿಯ ಬಳೆಗೆ ‘ಕಡೀ’ ಎಂಬ ಮಾತೂ ಇದೆ; ನಮ್ಮ ‘ಕಡಿ’ ಎಂದರೆ ಕತ್ತರಿಸು. ಸ್ಪ್ಯಾನಿಷನಿಗೆ ಮದುವೆ, ಮರಾಠಿಗನಿಗೆ ಹರಕೆ, ಕನ್ನಡಿಗನಿಗೆ ಚೇಳು! ಆದರೂ ಪುಟದ ಮುಂದೆ ಕುಳಿತವನಿಗೆ ಮದುವೆಯ ನೆನಪಾಗದು, ಚೇಳಿನ ಭಯವೂ ಆಗದು. ಅರ್ಥವನ್ನು ನಿಶ್ಚಯಿಸುವದು ಧಾತುವಲ್ಲ, ಬಳಕೆ.

ಇದರಲ್ಲಿ ನಮಗೇನು ಗಂಟು ಎಂದು ಕೆಲವರು ಕೇಳಬಹುದು. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಮಹಾರಾಷ್ಟ್ರದ ಮಕ್ಕಳಿಗಾಗಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತಂದಿದೆ. ಗಡಿಯ ಕನ್ನಡ ಮಗುವಿಗೆ ವಿಜ್ಞಾನವು ಬರುವದು ಭಾಷಾಂತರದ ಬಾಗಿಲಿನಿಂದಲೇ. ಮನೆಯ ಕನ್ನಡವೂ ಅಲ್ಲದ, ಓಣಿಯ ಮರಾಠಿಯೂ ಅಲ್ಲದ, ಕೋಶದಿಂದ ಇಳಿಸಿದ ಶಬ್ದವು ಎದುರಾದಾಗ ಆ ಮಗುವು ಶಬ್ದವನ್ನು ದೂರುವದಿಲ್ಲ. ‘ನನಗೆ ಕನ್ನಡ ಬರುವದಿಲ್ಲ’ ಎಂದು ತನ್ನನ್ನೇ ದೂರಿಕೊಳ್ಳುವದು. ಇಂಥ ಮಾತನ್ನು ತರಗತಿಯಲ್ಲಿ ಕೇಳಿ ನಾವು ತಲೆ ತಗ್ಗಿಸಿದ್ದೇವೆ. ಮುಂದಿನ ವರ್ಷ ಆ ಮಗು ಬೇರೆ ಮಾಧ್ಯಮದ ಶಾಲೆಗೆ ಹೊರಟರೆ ತಾಯಿತಂದೆಗಳನ್ನು ತಪ್ಪುಗಾರರೆನ್ನಲು ನಮಗೆ ಬಾಯಿಯಿಲ್ಲ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೆ. ಹೊಸ ಶಬ್ದವೊಂದು ಬಂದಾಗ ಅದರ ಧಾತುವನ್ನು ಹುಡುಕುವ ಮೊದಲು ಅದರೊಡನೆ ಯಾವ ಕ್ರಿಯಾಪದವು ಕೂಡುವದೆಂದು ನೋಡೋಣ. ಮಗುವು ತಾನಾಗಿಯೇ ಏನೆನ್ನುವದೆಂದು ಕೇಳಿ ಟಿಪ್ಪಣಿ ಮಾಡಿಕೊಳ್ಳೋಣ. ಮರಾಠಿಯಿಂದ ಬಂದು ನೆಲೆಸಿದ ಮಾತನ್ನು ಹೊರದಬ್ಬುವದು ಬೇಡ. ಕನ್ನಡದಲ್ಲಿ ಇರುವ ಮಾತನ್ನು ಮರೆಯುವದೂ ಬೇಡ. ಗಡಹಿಂಗ್ಲಜದ ಹಿರಣ್ಯಕೇಶಿಯು ಸಂಕೇಶ್ವರದ ಕಡೆಗೆ ಹರಿದು ರಾಜ್ಯವನ್ನು ದಾಟಿದರೂ ಅದರ ನೀರನ್ನು ಎರಡೂ ದಂಡೆಯವರು ತಮ್ಮ ತಮ್ಮ ಕೊಡದಲ್ಲಿಯೇ ತುಂಬಿಕೊಳ್ಳುವರು. ಶಬ್ದಗಳ ವಿಷಯದಲ್ಲಿಯೂ ಗಡಿನಾಡಿನವರಿಗೆ ಅದೇ ನೀತಿಯು ಒಪ್ಪುವದು.